ಇನ್ನೂ ಬಿಸಿಯಿದ್ದ ನೀರು

ಫ್ಲಾಸ್ಕು ತಂದುಕೊಟ್ಟವನು ಬೇಕರಿಯ ಹುಡುಗ.
ಮಂಗಳವಾರ, ಜುಲೈ, ಕಿವಿ ಕಚ್ಚುವ ಚಳಿ.
"ನಿಮ್ಮಪ್ಪನದು" ಎಂದ. ಮುಂದೆ ಹೇಳಲಾಗದೆ
ಕೈಗಂಟಿದ ಹಿಟ್ಟನ್ನೇ ನೋಡುತ್ತ ನಿಂತ.
ಮುಚ್ಚಳ ತಿರುಗಿಸಿದೆ.
ಆವಿ ಬಂತು.

ಅಪ್ಪ ತಣ್ಣಗಾಗಿ ಆಗಲೇ ಎರಡು ಗಂಟೆ.

ಎಡಿಸನ್ ಬರೈಬಾರ್, ತಕ್ಕಡಿ ರಿಪೇರಿಯವನು.
ಹೆಸರು ಕೇಳಿ ಜನ ಬಲ್ಬು ಕೆಟ್ಟರೂ ಕರೆಯುತ್ತಿದ್ದರು;
ಹೋಗುತ್ತಿದ್ದ. ಕತ್ತಲಲ್ಲೇ ಕೂತು ಹರಟಿ ಬರುತ್ತಿದ್ದ.
ಮಾಂಟೆವಿಡಿಯೊದ ಕಟುಕರು, ರೊಟ್ಟಿಯವರು, ಬೀದಿಬದಿಯ ಹಣ್ಣಿನವರು,
ಯಾರ ಹೆಬ್ಬೆರಳು ತಟ್ಟೆಗೆ ಎಷ್ಟು ಒರಗುತ್ತದೆಂದು ಬಲ್ಲ.
ಯಾರನ್ನೂ ಹಿಡಿದುಕೊಟ್ಟವನಲ್ಲ.
ಮುಳ್ಳನ್ನು ಸೊನ್ನೆಗೆ ತಂದು, ಕಣ್ಣಲ್ಲಿ ಕಣ್ಣಿಟ್ಟು
"ಈಗ ಸರಿಯಿದೆ, ಅಲ್ವಾ?" ಎನ್ನುತ್ತಿದ್ದ.
ಅಷ್ಟಕ್ಕೇ ಒಂದು ತಿಂಗಳು ನೆಟ್ಟಗಿರುತ್ತಿದ್ದರು.

ಅವನ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬೊಟ್ಟುಗಳು
ತಂತಮ್ಮ ಕುಳಿಯಲ್ಲಿ ಗಪ್‌ಚಿಪ್ ಕೂತಿದ್ದವು.
ಇಪ್ಪತ್ತು ಗ್ರಾಮಿನ ಕುಳಿ ಮಾತ್ರ ಖಾಲಿ.
ಎಂಟು ವರ್ಷದವಳಿದ್ದಾಗ ಅದನ್ನು ಗಾಳದ ದಾರಕ್ಕೆ ಕಟ್ಟಿ
ನದಿಗೆ ಎಸೆದವಳು ನಾನು,
ಆಚೆ ದಡ ಕಾಣದ, ಕಂದು ಬಣ್ಣದ ನಮ್ಮ ನದಿಗೆ.
ಮೀನು ಬರಲಿಲ್ಲ. ಬರಿಯ ದಾರ ಬಂತು.
ಅಪ್ಪ ಬೈಯಲಿಲ್ಲ. ಸಂಜೆಯತನಕ ಪಕ್ಕದಲ್ಲಿ ಕೂತಿದ್ದು
"ಕೆಳಗೆ ಯಾವುದೋ ಮೀನು ಈಗ ಅಂಗಡಿ ತೆರೆದಿರುತ್ತೆ, ಅನಾಯಿ" ಎಂದ.
ಮಾರನೆಯ ಬೆಳಗ್ಗೆ, ದೊಡ್ಡವರಿಗೆ ಹಾಕುವ ಹಾಗೆ,
ಅಡುಗೆಮನೆಯಲ್ಲಿ ನನಗೂ ಒಂದು ಕುರ್ಚಿ ಹಾಕಿದ.

ಸೋರೆಬುರುಡೆಯಲ್ಲಿ ಕಹಿಸೊಪ್ಪಿನ ಪುಡಿ, ಅದಕ್ಕೆ ಬಿಸಿನೀರು.
ಒಂದೇ ಕೊಳವೆಯಿಂದ ಒಬ್ಬರಾದ ಮೇಲೊಬ್ಬರು ಹೀರುತ್ತೇವೆ.
ಅದಕ್ಕೆ ಮಾತೆ ಎಂದು ಹೆಸರು.
ಮಾತೆಯಿದ್ದ ಕಡೆ ಮಾತು ಇರಲೇಬೇಕೆಂದಿಲ್ಲ.
ಇರುವುದೊಂದೇ ಕಟ್ಟಳೆ:
ಬುರುಡೆ ಮರಳಿಸುವಾಗ "ಗ್ರಾಸಿಯಾಸ್" ಅನ್ನಬಾರದು.
ಉಪಕಾರವಾಯಿತು ಎಂದೆಯೋ, ಮುಗಿಯಿತು:
ನನಗೆ ಸಾಕು, ಮುಂದಿನ ಸುತ್ತಿಗೆ ನಾನಿಲ್ಲ ಎಂದರ್ಥ.

ಮೂವತ್ತೊಂದು ವರ್ಷ, ಬೆಳಗಿನ ಆರಕ್ಕೆ,
ಮೊದಲ ಸುತ್ತಿನ ಗಂಟಲು ಸುಡುವ ಕಹಿಯನ್ನು ತಾನೇ ಕುಡಿದು
ಹದವಾದ ಎರಡನೆಯದನ್ನು ನನ್ನ ಕೈಗಿಟ್ಟ.
ನನ್ನ ಮದುವೆ ಮುರಿದ ವಾರವೂ ಇಟ್ಟ, ಏನೂ ಕೇಳದೆ.
ಒಮ್ಮೆಯೂ ನಾನು ಆ ಪದ ಅಂದಿಲ್ಲ.
ಸಾಕಿದವನಿಗೆ ಸಾಕು ಅನ್ನುವುದು ಹೇಗೆ?

ಮಣ್ಣು ಮಾಡಿದ ದಿನ ಗಾಳಿಯೋ ಗಾಳಿ.
ಹತ್ತು ವರ್ಷ ಮಾತು ಬಿಟ್ಟಿದ್ದ ಇಬ್ಬರು ಕಟುಕರು
ಪೆಟ್ಟಿಗೆಯ ಒಂದೇ ಬದಿಗೆ ಹೆಗಲು ಕೊಟ್ಟರು.
ನಲವತ್ತು ವರ್ಷದ ಇಸ್ಪೀಟಿನ ಜೊತೆಗಾರ ಹೇಬೆರ್ ಒಲಾಸ್ಕೊಆಗ
"ಆಟದ ನಡುವೆ ಎದ್ದು ಹೋಗುವುದೇನೋ, ಕಳ್ಳ!" ಎಂದು ಬೈದ,
ಬೈದು, ತನ್ನ ಕೈಯ ಎಲೆಗಳನ್ನೆಲ್ಲ ಅವನ ಜೇಬಿಗೆ ತುರುಕಿದ.
ಒಬ್ಬೊಬ್ಬರಾಗಿ ಬಾಗಿ ಅಂದರು: ಗ್ರಾಸಿಯಾಸ್, ಎಡಿಸನ್. ಗ್ರಾಸಿಯಾಸ್.
ನಾನು ಹಲ್ಲು ಕಚ್ಚಿ ನಿಂತಿದ್ದೆ.
ಒರಟು ಮಗಳು ಅಂದುಕೊಂಡಿರಬೇಕು.

ಆ ಮಂಗಳವಾರ, ಆ ನೀರನ್ನು ನಾನು ಚೆಲ್ಲಲಿಲ್ಲ.
ಬುರುಡೆ ತುಂಬಿದೆ. ಹೊಯ್ಯುವವರೇ ಮೊದಲು ಕುಡಿಯಬೇಕಲ್ಲ,
ಕುಡಿದೆ. ಇಷ್ಟು ಕಹಿಯಿರುತ್ತದೆಂದು ಅವನು ಹೇಳಿರಲಿಲ್ಲ.
ಎರಡನೆಯದನ್ನು ಎದುರಿನ ಕುರ್ಚಿಗೆ ಚಾಚಿ ಹಿಡಿದೆ,
ಎಷ್ಟು ಹೊತ್ತೋ.
ಬಾಗಿಲು ತಟ್ಟದೆ ಒಳಬಂದ ಹೇಬೆರ್ ಅಲ್ಲಿ ಕೂತ,
ಈಸಿಕೊಂಡ, ಹೀರಿದ, ತುಟಿ ಬಿಚ್ಚದೆ ಮರಳಿಸಿದ.
ಹನ್ನೊಂದು ಸುತ್ತಿಗೆ ನೀರು ಮುಗಿಯಿತು.

ಬೇಕರಿಯ ತಕ್ಕಡಿ ಬೆನ್ನು ಬಿಚ್ಚಿಕೊಂಡೇ ಬಿದ್ದಿದೆಯಂತೆ.
ನಾಳೆ ಪೆಟ್ಟಿಗೆ ಹೊತ್ತು ನಾನೇ ಹೋಗಬೇಕು.
ಆ ಇಪ್ಪತ್ತು ಗ್ರಾಂ ಇಲ್ಲದೆ
ಇಷ್ಟು ವರ್ಷ ಹೇಗೆ ಸರಿದೂಗಿಸಿದನೋ,
ಕೇಳಿಯೇ ಇರಲಿಲ್ಲ.